ನೀರು ಹಾಕಿದರೆ ಸಾಲದು, ಯಾಕೆ ಇಳಿಯಿತು ನೋಡಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆಯಲ್ಲಿ ವಾಹನ ನೋಡಿಕೊಳ್ಳುವುದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಟೈರಿನ ಗಾಳಿ, ಬ್ಯಾಟರಿ, ಎಸಿ, ಎಲ್ಲ ಚೆನ್ನಾಗಿ ಬರೆದಿದ್ದಾರೆ. ಆದರೆ ಇಂಜಿನ್ ಹೀಟ್ ಆಗುವುದರ ಬಗ್ಗೆ ಇದ್ದದ್ದು ಒಂದೇ ಸಾಲು: ರೇಡಿಯೇಟರ್‌ನಲ್ಲಿ ನೀರು ಕಡಿಮೆ ಇದ್ದರೆ ಹಾಕಿ. 15-20 ವರ್ಷದ ಹಳೆ ಗಾಡಿ ಇಟ್ಟುಕೊಂಡವರಿಗೆ ಈ ಒಂದು ಸಾಲು ಎಷ್ಟು ದುಬಾರಿ ಬೀಳುತ್ತದೆ ಅಂತ ಗದಗಿನಲ್ಲಿ ಹಳೆ ಗಾಡಿ ರಿಪೇರಿ ಮಾಡುವ ನನಗೆ ದಿನಾ ಕಾಣುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿಸುವುದಿದ್ದರೆ ಕತ್ತರಿಸಿ, ಆದರೆ ರೇಡಿಯೇಟರ್ ಕ್ಯಾಪಿನ ವಿಷಯ ಮತ್ತು ಥರ್ಮೋಸ್ಟಾಟ್ ವಾಲ್ವಿನ ವಿಷಯ ಬಿಡಬೇಡಿ.

ರೇಡಿಯೇಟರ್ ನೀರು ಖರ್ಚಾಗುವಂಥದ್ದಲ್ಲ. ಇಂಜಿನ್, ಹೋಸ್ ಪೈಪು, ರೇಡಿಯೇಟರ್, ಪಕ್ಕದ ಪ್ಲಾಸ್ಟಿಕ್ ಡಬ್ಬಿ, ಇಷ್ಟರೊಳಗೇ ಅದು ಸುತ್ತುತ್ತಿರಬೇಕು. ಡಬ್ಬಿಯಲ್ಲಿ ವರ್ಷಕ್ಕೆ ಒಂದು ಬೆರಳಿನಷ್ಟು ಇಳಿದರೆ ಚಿಂತೆ ಇಲ್ಲ. ವಾರಕ್ಕೊಂದು ಬಾಟಲಿ ಕುಡಿಯುತ್ತಿದೆ ಅಂದರೆ ಎಲ್ಲಿಗೋ ಹೋಗುತ್ತಿದೆ ಅಂತ ಅರ್ಥ. ಹೊರಗೆ ಸೋರುತ್ತಿರಬೇಕು, ಇಲ್ಲ ಕ್ಯಾಪಿನಿಂದ ಹಾರಿ ಹೋಗುತ್ತಿರಬೇಕು, ಇಲ್ಲ ಇಂಜಿನ್ ಒಳಗೇ ಸೇರಿ ಸೈಲೆನ್ಸರ್‌ನಲ್ಲಿ ಹೊಗೆಯಾಗಿ ಹೊರಡುತ್ತಿರಬೇಕು. ಈ ಮೂರರಲ್ಲಿ ಯಾವುದು ಅಂತ ನೋಡದೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಚರಿಗೆಯಲ್ಲಿ ನೀರು ಸುರಿಯುವವರು ನಮ್ಮ ಕಡೆ ಬಹಳ. ಅದೂ ಎಂಥ ನೀರು? ಬೋರಿನ ನೀರು!

ಗದಗ, ರೋಣ, ಮುಂಡರಗಿ ಕಡೆ ಬೋರಿನ ನೀರು ಹೇಗಿರುತ್ತದೆ ಅಂತ ಇಲ್ಲಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಬಚ್ಚಲ ಹಂಡೆಯೊಳಗೆ ಕೈ ಹಾಕಿ ನೋಡಿ, ಬಿಳಿ ಪೊರೆ ಗಟ್ಟಿಯಾಗಿ ಅಂಟಿರುತ್ತದೆ. ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲಿ, ಇಂಜಿನ್ ಬ್ಲಾಕಿನ ಒಳಗೆ ಕಟ್ಟುವುದೂ ಅದೇ ಪೊರೆ. ಹಳೆ ರೇಡಿಯೇಟರ್ ಬಿಚ್ಚಿದಾಗ ಎಷ್ಟೋ ಸಲ ಅರ್ಧಕ್ಕರ್ಧ ನಳಿಗೆ ಬಂದ್ ಆಗಿರುತ್ತವೆ. ಮೇಲಿಂದ ನೋಡಿದರೆ ನೀರು ಭರ್ತಿ, ಆದರೆ ಹರಿಯಲು ದಾರಿಯೇ ಇಲ್ಲ. ಕೂಲೆಂಟ್ ಹಾಕುವುದು ಬರೀ ಹಸಿರು ಬಣ್ಣಕ್ಕಲ್ಲ. ಅದರಲ್ಲಿ ತುಕ್ಕು ಹಿಡಿಯದಂತೆ ತಡೆಯುವ ಕೆಮಿಕಲ್ ಇರುತ್ತದೆ, ಕುದಿಯುವ ಬಿಸಿಯೂ ಮೇಲಕ್ಕೇರುತ್ತದೆ. ಅರ್ಧ ಕೂಲೆಂಟ್, ಅರ್ಧ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಬೆರೆಸಿ ಹಾಕಿ. ಬೆರೆಸಿದ್ದೇ ಸಿಗುವ ಡಬ್ಬಿ ತಂದರೆ ಅದಕ್ಕೆ ಮತ್ತೆ ನೀರು ಸೇರಿಸಬೇಡಿ. ಹಳ್ಳಿಯಲ್ಲಿದ್ದೀರಿ, ಬ್ಯಾಟರಿ ನೀರು ಸಿಗಲಿಲ್ಲ ಅಂದರೆ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ತಂದ ನೀರಾದರೂ ಹಾಕಿ, ಬೋರಿನದಕ್ಕಿಂತ ಎಷ್ಟೋ ಮೇಲು. ಇನ್ನೊಂದು, ಬಿಚ್ಚಿದ ಹಳೆ ಕೂಲೆಂಟನ್ನು ಗಟಾರದ ಪಕ್ಕ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕುತ್ತವೆ, ಮತ್ತು ಅದು ವಿಷ.

ಈಗ ಕ್ಯಾಪ್. ಹಳೆ ಗಾಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಇದು, ಎಲ್ಲರೂ ಕೊನೆಗೆ ನೋಡುವುದೂ ಇದನ್ನೇ. ಕುಕ್ಕರಿನ ಸೀಟಿ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಹುಬ್ಬಳ್ಳಿ, ಗದಗ ಎಲ್ಲ ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿವೆ, ಹಾಗಾಗಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಧಾರವಾಡ ಇನ್ನೂ ಸ್ವಲ್ಪ ಎತ್ತರ. ಇಂಜಿನ್ ಆರಾಮಾಗಿ ಓಡುವುದೇ 85-95 ಡಿಗ್ರಿಯಲ್ಲಿ. ಅಂದರೆ ಕ್ಯಾಪ್ ಸರಿಯಿಲ್ಲದ ಗಾಡಿಯಲ್ಲಿ ಕುದಿಯಲಿಕ್ಕೆ ಕೆಲವೇ ಡಿಗ್ರಿ ಬಾಕಿ. ಒಳ್ಳೆ ಕ್ಯಾಪ್ ಇದ್ದರೆ ಒಳಗೆ ಒತ್ತಡ ನಿಲ್ಲುತ್ತದೆ, ಆಗ ಬರೀ ನೀರಿದ್ದರೂ 115 ದಾಟುವವರೆಗೆ ಕುದಿಯುವುದಿಲ್ಲ. ಕ್ಯಾಪಿನ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತಾರಲ್ಲ, ಅದು ಈ ಒತ್ತಡದ ಲೆಕ್ಕ. ನಿಮ್ಮ ಗಾಡಿಗೆ ಯಾವುದೋ ಅದೇ ಹಾಕಬೇಕು. ಇಂಜಿನ್ ತಣ್ಣಗಿದ್ದಾಗ ಕ್ಯಾಪ್ ತೆಗೆದು ಕೆಳಗಿನ ರಬ್ಬರ್ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಬೆರಳಿಂದ ಒತ್ತಿದಾಗ ಸ್ಪ್ರಿಂಗ್ ಸುಮ್ನೆ ಒಳಗೆ ಹೋದರೆ, ಆ ಕ್ಯಾಪ್ ಬಿಸಾಡಿ. ನಡುವೆ ಒಂದು ಪುಟ್ಟ ವಾಲ್ವ್ ಇರುತ್ತದೆ, ಇಂಜಿನ್ ತಣ್ಣಗಾದ ಮೇಲೆ ಡಬ್ಬಿಯ ನೀರನ್ನು ವಾಪಸ್ ಎಳೆದುಕೊಳ್ಳುವ ದಾರಿ ಅದು. ಅದು ಕೆಟ್ಟಿದ್ದರೆ ಡಬ್ಬಿ ತುಂಬಿ ಚೆಲ್ಲುತ್ತದೆ, ರೇಡಿಯೇಟರ್ ಖಾಲಿ ಆಗುತ್ತದೆ. ಡ್ರೈವರ್ ಡಬ್ಬಿ ನೋಡಿ 'ನೀರು ಫುಲ್ ಐತ್ರೀ' ಅಂತ ನಿಶ್ಚಿಂತೆಯಿಂದ ಇರುತ್ತಾನೆ.

ಇನ್ನು ಥರ್ಮೋಸ್ಟಾಟ್. ನಮ್ಮ ಕಡೆ ವಾಲ್ವ್ ಅಂತೀವಿ. ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆದು, ಆಮೇಲೆ ದಾರಿ ಬಿಡುವ ಬಾಗಿಲು ಇದು. ಗಾಡಿ ಒಮ್ಮೆ ಹೀಟ್ ಆಯಿತು ಅಂದರೆ ನಮ್ಮ ಕಸುಬಿನವರು ಮೊದಲು ಮಾಡುವ ಕೆಲಸ ಅದನ್ನು ಕಿತ್ತು ಬಿಸಾಡುವುದು. 'ಈ ಬಿಸಿಲಾಗ ವಾಲ್ವ್ ಯಾಕ್ ಬೇಕ್ರಿ, ನೀರು ಫ್ರೀ ಹರೀಲಿ' ಅಂತಾರೆ. ಗಿರಾಕಿಗೂ ಖುಷಿ, ಟೆಂಪರೇಚರ್ ಮುಳ್ಳು ಕೆಳಗಿಳಿಯುತ್ತದೆ, ಖರ್ಚೂ ಇಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ವಾಲ್ವ್ ತೆಗೆದರೆ ಮುಳ್ಳು ಇಳಿಯುತ್ತದೆ, ರೋಗ ಹಾಗೇ ಇರುತ್ತದೆ. ರೇಡಿಯೇಟರ್ ಕಟ್ಟುತ್ತಾ ಹೋಗುತ್ತಿದ್ದರೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಇಂಜಿನ್‌ನ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬೆಂಡ್ ಆಗಿರುತ್ತದೆ. ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್‌ನಲ್ಲಿನ ತೇವ ಆರುವುದಿಲ್ಲ, ಆಯಿಲ್ ಕೆಸರಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಂತೂ ಉಲ್ಟಾ. ಆ ವಾಲ್ವ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಅದೇ ಮಾಡುತ್ತಿರುತ್ತದೆ. ಅದನ್ನು ತೆಗೆದರೆ ಅರ್ಧ ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್‌ನಲ್ಲೇ ಸುತ್ತಿ ಹೀಟ್ ಇನ್ನೂ ಏರುತ್ತದೆ.

ವಾಲ್ವ್ ಸರಿ ಇದೆಯೋ ಇಲ್ಲವೋ ಅಂತ ನೋಡಲು ಐದು ನಿಮಿಷ ಸಾಕು. ಅದರ ಮೇಲೆ 82 ಅಂತಲೋ 88 ಅಂತಲೋ ಒತ್ತಿರುತ್ತಾರೆ. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಡಿ, ತಳಕ್ಕೆ ತಾಗಬಾರದು, ಜೊತೆಗೊಂದು ಥರ್ಮಾಮೀಟರ್ ಇಡಿ, ಒಲೆ ಹಚ್ಚಿ. ಬರೆದ ಡಿಗ್ರಿ ಹತ್ತಿರ ಬಂದಾಗ ಬಾಯಿ ಬಿಡಲು ಶುರು ಮಾಡಬೇಕು, ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು (88ರದ್ದಾದರೆ ಅಷ್ಟು ಏರುವ ಮೊದಲೇ ನೀರು ಕುದಿಯುತ್ತದೆ, ಆ ಹೊತ್ತಿಗೆ ಬಹುತೇಕ ತೆರೆದಿದ್ದರೆ ಸಾಕು). ಒಳಗೆ ಮೇಣ ಇರುತ್ತದೆ, ಅದು ಕರಗಿ ಹಿಗ್ಗಿ ವಾಲ್ವನ್ನು ದೂಡುತ್ತದೆ, ಅಷ್ಟೇ ಅದರ ಕತೆ. ತೆರೆಯದಿದ್ದರೆ ಹೊಸದು ಹಾಕಿ. ಹಾಕುವಾಗ ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಪಿನ್ ಇರುತ್ತದಲ್ಲ, ಅದು ಮೇಲ್ಗಡೆ ಬರಬೇಕು. ಗಾಳಿ ಹೊರಡುವ ದಾರಿ ಅದು.

ಅರಿಶಿಣದ ಬಗ್ಗೆಯೂ ಹೇಳಿಬಿಡುತ್ತೇನೆ. ರೇಡಿಯೇಟರ್ ಸೋರಿದರೆ ಒಂದು ಮುಷ್ಟಿ ಅರಿಶಿಣ ಪುಡಿ ಹಾಕುವುದು ಲಾರಿಯವರ ಹಳೆ ಉಪಾಯ. ನಡುದಾರಿಯಲ್ಲಿ ಮನೆ ಮುಟ್ಟಲು ಅದು ನಡೆಯುತ್ತದೆ, ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಮನೆ ಮುಟ್ಟಿದ ಮೇಲೆ ತೊಳೆಯಬೇಕು ಅಲ್ವಾ? ಯಾರೂ ತೊಳೆಯುವುದಿಲ್ಲ. ಸೋರುವ ತೂತು ಮುಚ್ಚಿದ ಅರಿಶಿಣ ಸೋರದ ನಳಿಗೆಯನ್ನೂ ಮುಚ್ಚುತ್ತದೆ.

ಹಾಗಾದರೆ ಗಾಡಿ ಹೀಟ್ ಆದಾಗ ಎಲ್ಲಿಂದ ಶುರು ಮಾಡಬೇಕು? ನಾನು ಗಿರಾಕಿಗೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವಾಗ ಹೀಟ್ ಆಗುತ್ತದೆ? ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಲ್ಲಿ ಸಿಕ್ಕಿಕೊಂಡಾಗ ಮುಳ್ಳು ಏರಿ, ಗಬ್ಬೂರು ದಾಟಿ ಹೈವೇಗೆ ಬಿದ್ದ ಮೇಲೆ ಇಳಿಯಿತು ಅಂದರೆ ಅದು ಫ್ಯಾನಿನ ಕಡೆಯ ತೊಂದರೆ. ನಿಂತಾಗ ಗಾಳಿ ಎಳೆಯುವುದು ಫ್ಯಾನ್, ಓಡುವಾಗ ಗಾಳಿ ತಾನೇ ನುಗ್ಗುತ್ತದೆ. ಇದರ ಉಲ್ಟಾ, ಊರೊಳಗೆ ಆರಾಮ, ಹೈವೇಯಲ್ಲಿ 80ರಲ್ಲಿ ಹೋದರೆ ಅಥವಾ ಅರಬೈಲ್ ಘಟ್ಟ ಹತ್ತುವಾಗ ಹೀಟ್ ಅಂದರೆ ರೇಡಿಯೇಟರ್ ಕಟ್ಟಿದೆ, ಇಲ್ಲ ವಾಟರ್ ಪಂಪ್ ಸವೆದಿದೆ, ಇಲ್ಲ ಕೆಳಗಿನ ಹೋಸ್ ಪೈಪ್ ಮೆತ್ತಗಾಗಿ ಪಂಪ್ ಎಳೆಯುವ ರಭಸಕ್ಕೆ ಒಳಗೆ ಚಪ್ಪಟೆ ಆಗುತ್ತಿದೆ. ಈ ಕೊನೆಯದು ಕಣ್ಣಿಗೆ ಬೀಳುವುದೇ ಕಷ್ಟ, ಯಾಕೆಂದರೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಪೈಪ್ ಮತ್ತೆ ದುಂಡಗಾಗಿರುತ್ತದೆ. ಒಬ್ಬರು ನಿಂತಲ್ಲೇ ಆಕ್ಸಿಲರೇಟರ್ ಒತ್ತಲಿ, ಇನ್ನೊಬ್ಬರು ಆ ಪೈಪ್ ನೋಡುತ್ತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೇ ಏರಿದರೆ ವಾಲ್ವ್ ಮುಚ್ಚಿಕೊಂಡಿರಬಹುದು, ನೀರೇ ಇಲ್ಲದಿರಬಹುದು, ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕಿನ ನಡುವಿನ ಪದರ) ಹೋಗಿರಲೂಬಹುದು.

ಎಲೆಕ್ಟ್ರಿಕ್ ಫ್ಯಾನ್ ನೋಡುವುದು ಸುಲಭ. ಮಾರುತಿ 800ರಂಥ ಹಳೆ ಗಾಡಿಗಳಲ್ಲಿ ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ, ಎರಡು ವೈರಿನ ಒಂದು ಥರ್ಮೋ ಸ್ವಿಚ್ ಇರುತ್ತದೆ. ಅದರ ವೈರ್ ಬಿಚ್ಚಿ ಎರಡನ್ನೂ ಕೂಡಿಸಿ. ಕೀ ಆನ್ ಇದ್ದಾಗ ಫ್ಯಾನ್ ತಿರುಗಿದರೆ ಮೋಟರ್ ಸರಿ, ಸ್ವಿಚ್ ಕೆಟ್ಟಿದೆ. ತಿರುಗದಿದ್ದರೆ ಫ್ಯೂಸ್, ವೈರ್, ಮೋಟರ್ ನೋಡಿ. ಜೀಪು, ಸುಮೋದಂಥ ಗಾಡಿಗಳಲ್ಲಿ ಬೆಲ್ಟ್‌ನಿಂದ ಓಡುವ ಫ್ಯಾನ್, ಅಲ್ಲಿ ಬೆಲ್ಟ್ ಸಡಿಲ ಇದೆಯೇ ಅಂತ ಮೊದಲು ನೋಡಬೇಕು. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವರನ್ನು ಎಷ್ಟೋ ಜನ 'ಅಡ್ಡ ಬರುತ್ತದೆ' ಅಂತ ತೆಗೆದು ಬಿಟ್ಟಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯದೆ ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ರೋಣದ ಕಡೆಯ ಒಬ್ಬ ಮೇಷ್ಟ್ರ ಗಾಡಿ ಇಲ್ಲಿ ನೆನಪಾಗುತ್ತದೆ. ಹಳೆ ಮಾರುತಿ 800. ಅದರ ಇಂಜಿನ್ 796 ಸಿಸಿ, ಮೂರು ಸಿಲಿಂಡರ್, ಹೆಡ್ ಅಲ್ಯೂಮಿನಿಯಂ, ಅಂದರೆ ಹೀಟ್ ತಡೆಯುವುದು ಕಡಿಮೆ. ಬೇರೆ ಯಾವುದೋ ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿ ಗ್ಯಾಸ್ಕೆಟ್ ಹಾಕಿಸಿದ್ದರು. ಆಮೇಲೂ ಹುಲಕೋಟಿ ದಾಟಿ ಅಣ್ಣಿಗೇರಿ ಮುಟ್ಟುವುದರೊಳಗೆ ಮುಳ್ಳು ಕೆಂಪಿಗೆ. 'ಇನ್ನ ಗುಜರಿಗೆ ಹಾಕೋದೊಂದೇ ಉಳದೈತಿ ನೋಡ್ರಿ' ಅಂದರು ಮೇಷ್ಟ್ರು, ಪಾಪ. ನೀರು ಸರಿ, ಕ್ಯಾಪ್ ಸರಿ, ವಾಲ್ವ್ ನೋಡಿದರೆ ಇಲ್ಲವೇ ಇಲ್ಲ, ಹೌಸಿಂಗ್ ಖಾಲಿ. ಆದರೆ ಈ ಹೀಟ್‌ಗೆ ಅದೊಂದೇ ಕಾರಣ ಅನ್ನಿಸಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಫ್ಯಾನ್ ತಿರುಗುವವರೆಗೆ ಕಾದು, ಬೆಂಚಿನ ಮೇಲಿದ್ದ ಪೇಪರಿನ ಒಂದು ಹಾಳೆ ತೆಗೆದು ರೇಡಿಯೇಟರ್ ಮುಂದೆ ಹಿಡಿದೆ. ಹಾಳೆ ಜಾಲರಿಗೆ ಅಂಟಿಕೊಳ್ಳಬೇಕು. ಅಂಟಲಿಲ್ಲ, ನನ್ನ ಮುಖಕ್ಕೇ ಹಾರಿ ಬಂತು. ಫ್ಯಾನ್ ಉಲ್ಟಾ ತಿರುಗುತ್ತಿತ್ತು! ಹೆಡ್ ಕೆಲಸದ ಹೊತ್ತಿಗೆ ಯಾರೋ ಮೋಟರ್ ಬದಲಿಸಿ ಎರಡು ವೈರ್ ಅದಲುಬದಲು ಕೂಡಿಸಿದ್ದರು. ನಿಧಾನ ಹೋಗುವಾಗ ಉಲ್ಟಾ ಗಾಳಿಯಲ್ಲೇ ಹೇಗೋ ನಡೆಯುತ್ತಿತ್ತು, ಸ್ಪೀಡ್ ಹಿಡಿದ ಮೇಲೆ ಮುಂದಿನಿಂದ ಬರುವ ಗಾಳಿಯನ್ನು ಫ್ಯಾನೇ ತಡೆದು ನಿಲ್ಲಿಸುತ್ತಿತ್ತು. ಊರೊಳಗೆ ಆರಾಮ, ಹೈವೇಯಲ್ಲಿ ಹೀಟ್ ಅಂದರೆ ರೇಡಿಯೇಟರ್ ಅಂತ ಮೇಲೆ ಬರೆದೆನಲ್ಲ, ಆ ಲೆಕ್ಕಕ್ಕೂ ಇಂಥ ಅಪವಾದ ಇರುತ್ತದೆ. ವೈರ್ ತಿರುಗಿಸಿ ಹಾಕಿ, ಹೊಸ ವಾಲ್ವ್ ಕೂಡಿಸಿ, ಹಳೆ ನೀರು ತೆಗೆದು ತೊಳೆದು ಕೂಲೆಂಟ್ ತುಂಬಿದ್ದಷ್ಟೇ ಕೆಲಸ. ನಿಮ್ಮ ಪತ್ರಿಕೆ ಓದಿ ಮುಗಿದ ಮೇಲೆ ಈ ಕೆಲಸಕ್ಕೂ ಬರುತ್ತದೆ ಅಂತ ಓದುಗರಿಗೆ ತಿಳಿಸಿ.

ಟೆಂಪರೇಚರ್ ಮುಳ್ಳನ್ನೂ ಪೂರ್ತಿ ನಂಬಬಾರದು. ಹಳೆ ಗಾಡಿಯಲ್ಲಿ ಅರ್ಥಿಂಗ್ ಕೆಟ್ಟು ಮುಳ್ಳು ಸುಳ್ಳು ಹೇಳುವುದು ಇದ್ದೇ ಇದೆ. ಗ್ಯಾರೇಜಿನವರು ಬಳಸುವ ಇನ್‌ಫ್ರಾರೆಡ್ ಗನ್ ಹಿಡಿದು ವಾಲ್ವ್ ಹೌಸಿಂಗ್ ಹತ್ತಿರ ನೋಡಿದರೆ ನಿಜ ಗೊತ್ತಾಗುತ್ತದೆ. (ಕೊರೊನಾ ಟೈಮಿನಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ತರಬೇಡಿ, ಅದಕ್ಕೆ ಇಷ್ಟು ಬಿಸಿ ಓದಲು ಬರುವುದಿಲ್ಲ.) ಅಪಾಯ ಇರುವುದು ಇನ್ನೊಂದರಲ್ಲಿ. ಕೆಂಪಿನಲ್ಲಿದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದರೆ ಸರಿಹೋಯಿತು ಅಂತ ಗಾಡಿ ಓಡಿಸುತ್ತಾರೆ. ನೀರು ಪೂರ್ತಿ ಖಾಲಿಯಾಗಿ ಸೆನ್ಸರ್ ಬರೀ ಹಬೆಯಲ್ಲಿ ನಿಂತಾಗಲೂ ಮುಳ್ಳು ಬೀಳುತ್ತದೆ. ಆ ಹೊತ್ತಿಗೆ ಗಾಡಿ ನಿಲ್ಲಿಸದಿದ್ದರೆ ಇಂಜಿನ್ ಸೀಜ್.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಯಾರಾದರೂ ಹೇಳಿದರೆ ಹೆದರಬೇಡಿ, ಹೇಗೆ ಗೊತ್ತಾಯಿತು ಅಂತ ಕೇಳಿ. ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಲೇ ಇದೆಯೇ? ಆಯಿಲ್ ಕಡ್ಡಿ ತೆಗೆದರೆ ಆಯಿಲ್ ಬೆಳ್ಳಗೆ ನೊರೆನೊರೆ ಆಗಿದೆಯೇ? ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದೆಯೇ? ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಷ್ಟು ಗಟ್ಟಿ ಆಗುತ್ತದೆಯೇ? ಇವು ಯಾವುವೂ ಇಲ್ಲದೆ 'ಗ್ಯಾಸ್ಕೆಟ್ ಹೋಗೈತಿ, ಹೆಡ್ ಬಿಚ್ಚಬೇಕು' ಅಂದರೆ ಬಿಚ್ಚಿಸಬೇಡಿ. ಬಣ್ಣದ ದ್ರಾವಣದ ಒಂದು ಟೆಸ್ಟ್ ಇದೆ, ರೇಡಿಯೇಟರ್ ಬಾಯಿಗೆ ಹಿಡಿದರೆ ಒಳಗೆ ಹೊಗೆ ಬರುತ್ತಿದ್ದಾಗ ನೀಲಿ ಇದ್ದದ್ದು ಹಳದಿ ಆಗುತ್ತದೆ. ಮತ್ತು ನಿಜವಾಗಿ ಗ್ಯಾಸ್ಕೆಟ್ ಹೋಗಿದ್ದರೂ ಬರೀ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಿದರೆ ಪ್ರಯೋಜನ ಇಲ್ಲ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ಹಾಕಿ ಬೆಂಡ್ ನೋಡಬೇಕು, ಬೆಂಡ್ ಇದ್ದರೆ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಬೇಕು, ಬೋಲ್ಟ್‌ಗಳನ್ನು ನಡುವಿನಿಂದ ಶುರು ಮಾಡಿ ಹೊರಗೆ ಹೋಗುತ್ತಾ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಅಂದಾಜಿನಲ್ಲಿ ತೋಳಿನ ಬಲ ಹಾಕಿ ಬಿಗಿದ ಹೆಡ್ ಮತ್ತೆ ಬರುತ್ತದೆ, ಅದೇ ಬೇಸಿಗೆಯಲ್ಲೇ ಬರುತ್ತದೆ.

ದಾರಿಯಲ್ಲಿ ಹೀಟ್ ಆದರೆ ಮೊದಲು ಎಸಿ ಬಂದ್ ಮಾಡಿ. ಗಾಡಿಯಲ್ಲಿ ಹೀಟರ್ ಇದ್ದರೆ ಫುಲ್ ಇಟ್ಟು ಕಿಟಕಿ ತೆಗೆಯಿರಿ, ಅದೂ ಒಂದು ಪುಟ್ಟ ರೇಡಿಯೇಟರೇ, ಸ್ವಲ್ಪ ಬಿಸಿ ಎಳೆಯುತ್ತದೆ. ಮುಳ್ಳು ಇಳಿಯದಿದ್ದರೆ ನೆರಳು ನೋಡಿ ನಿಲ್ಲಿಸಿ, ಆಫ್ ಮಾಡಿ, ಬಾನೆಟ್ ಎತ್ತಿ. ಓಮ್ನಿ ಇದ್ದರೆ ಇಂಜಿನ್ ನಿಮ್ಮ ಸೀಟಿನ ಕೆಳಗೇ ಇದೆ, ಎಲ್ಲರನ್ನೂ ಇಳಿಸಿ ಆಮೇಲೆ ಸೀಟ್ ಎತ್ತಿ. ಅರ್ಧ ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿಗಿಂತ ಬಿಸಿ ಇರುತ್ತದೆ, ಕ್ಯಾಪ್ ತಿರುವಿದ ಕ್ಷಣ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಸುಟ್ಟ ಕೈ, ಸುಟ್ಟ ಮುಖ ನೋಡಿದ್ದೇನೆ. ಹಾಗೇ, ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ತಣ್ಣಗಾದ ಮೇಲೆ ಕ್ಯಾಪಿಗೆ ದಪ್ಪ ಬಟ್ಟೆ ಹಾಕಿ ಮೊದಲು ಸ್ವಲ್ಪ ತಿರುವಿ ಹಬೆ ಬಿಡಿ, ಆಮೇಲೆ ಪೂರ್ತಿ ತೆಗೆಯಿರಿ. ಆಗ ಕುಡಿಯುವ ನೀರಿನ ಬಾಟಲಿಯಾದರೂ ಸರಿ, ಇಂಜಿನ್ ಸ್ಟಾರ್ಟ್ ಮಾಡಿ ನಿಧಾನ ತುಂಬಿಸಿ ಹತ್ತಿರದ ಊರು ಸೇರಿ.

ಕೊನೆಗೆ ನಮ್ಮ ಸೀಮೆಯದೇ ಒಂದು ತೊಂದರೆ. ಸುಗ್ಗಿಯ ಕಾಲದಲ್ಲಿ ಜೋಳ, ಹುರುಳಿ, ಸೂರ್ಯಕಾಂತಿ ಎಲ್ಲ ರಸ್ತೆ ಮೇಲೆ ಒಕ್ಕಲಿಗೆ ಹಾಕುತ್ತಾರೆ. ಕಣ ಮಾಡಲು ಜಾಗ, ಆಳು ಇಲ್ಲ, ರೈತರ ಕಷ್ಟ ನನಗೂ ಗೊತ್ತು, ನಾನೂ ಹೊಲದ ಮನೆಯವನೇ. ಆದರೆ ಆ ಹೊಟ್ಟು ಹಾರಿ ನೇರ ರೇಡಿಯೇಟರ್ ಜಾಲರಿಗೆ ಹೋಗುತ್ತದೆ. ಎಸಿ ಇರುವ ಗಾಡಿಯಲ್ಲಿ ಮುಂದೆ ಎಸಿಯ ಕಂಡೆನ್ಸರ್, ಹಿಂದೆ ರೇಡಿಯೇಟರ್, ಎರಡರ ನಡುವೆ ಹೊಟ್ಟು, ಹತ್ತಿಯ ಎಳೆ, ಧೂಳು ಸೇರಿ ಕಂಬಳಿಯಂತೆ ಕೂತಿರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಎರಡನ್ನೂ ಬೇರೆ ಮಾಡಿ ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಹೊಡೆದು ತೊಳೆಸಿ. ಪ್ರೆಶರ್ ಜಾಸ್ತಿ ಇಟ್ಟರೆ ಜಾಲರಿಯ ತೆಳು ತಗಡು ಮಡಚಿಕೊಳ್ಳುತ್ತದೆ, ನಿಧಾನ ಹೊಡೆಯಲು ಹೇಳಿ. ಹುರುಳಿ ಬಳ್ಳಿ ಗಾಡಿಯ ಕೆಳಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಬೆಂಕಿಯೇ ಹತ್ತುತ್ತದೆ, ಹಾಗಾಗಿ ಅಂಥ ರಾಶಿ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಬಗ್ಗಿ ನೋಡುವುದು ಒಳ್ಳೆಯದು.

15 ವರ್ಷ ದಾಟಿದ ಗಾಡಿಗೆ ಆರ್‌ಸಿ ರಿನ್ಯೂ ಮಾಡಿಸಿ, ಟ್ಯಾಕ್ಸ್ ಕಟ್ಟಿ, ಮತ್ತೆ 5 ವರ್ಷ ಓಡಿಸುವವರು ಅದನ್ನು ಬೇಕು ಅಂತಲೇ ಇಟ್ಟುಕೊಂಡಿರುತ್ತಾರೆ. ಅಂಥವರು ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಎರಡು ಕೇಳಲಿ. ರೇಡಿಯೇಟರ್‌ಗೆ ಪ್ರೆಶರ್ ಪಂಪ್ ಹಾಕಿ ಸೋರುವುದನ್ನು ನನ್ನ ಎದುರಿಗೇ ತೋರಿಸಿ ಅಂತ ಒಂದು. ನನ್ನ ಗಾಡಿಯಲ್ಲಿ ವಾಲ್ವ್ ಇದೆಯೋ ಇಲ್ಲವೋ ಅಂತ ಇನ್ನೊಂದು. ಇಲ್ಲ ಅಂದರೆ ಹಾಕಿಸಿಕೊಂಡೇ ಬರಲಿ.

ಇಂತಿ,
ಹಳೆ ಗಾಡಿ ಮೆಕ್ಯಾನಿಕ್ ಒಬ್ಬ,
ಬೆಟಗೇರಿ, ಗದಗ